ಹಿತ್ತಲನ್ನು ಶಾಲೆಯೊಳಗೆ ಕರೆತಂದ ಆನಾ ಕಾಮ್‌ಸ್ಟಾಕ್

ಊರಿನಿಂದ ದೂರವಾಣಿಯಲ್ಲಿ ಮಾತನಾಡುವ ಬಂಧುಗಳೂ ಅಮೆರಿಕೆಗೆ ಬರಲು ಸಿದ್ಧತೆ ನಡೆಸಿರುವ ತರುಣ ದಂಪತಿಗಳೂ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಸಂಬಳ ಮತ್ತು ವೀಸಾಗಳ ನಂತರದ ಸ್ಥಾನ ಶಾಲೆಯದು. ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ, ಚಿಕ್ಕ ತರಗತಿಗಳಲ್ಲಿ ಪಠ್ಯಪುಸ್ತಕಗಳ ಹೊರೆಯೂ ಅಷ್ಟಾಗಿ ಇಲ್ಲ ಎಂದು ಕೇಳಿದವರಿಗೆ ಸಹಜವಾಗಿಯೇ ಒಂದು ಸಂಶಯ ಮೂಡುತ್ತದೆ. ಹಾಗಿದ್ದರೆ ಮಕ್ಕಳು ಕಲಿಯುವುದಾದರೂ ಏನನ್ನು? ನಾನು ವೈದ್ಯವೃತ್ತಿ ನಡೆಸುತ್ತಿರುವ ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ, ಪ್ರಾಥಮಿಕ ಶಾಲೆಯ ಮಗುವೊಂದು ಗಾಜಿನ ಭರಣಿಯಲ್ಲಿ ಕಂಬಳಿಹುಳುವನ್ನು ಸಾಕಿ, ಅದು ಕೋಶ ಕಟ್ಟಿ ಚಿಟ್ಟೆಯಾಗುವವರೆಗೆ ದಿನವೂ ನೋಡಿ ಚಿತ್ರ ಬರೆಯುವುದು ಸಾಮಾನ್ಯ. ಇದನ್ನು ಬರಿಯ ಆಟವೆಂದು ತಿಳಿದು ನಿರಾಶರಾಗುವ ತಂದೆತಾಯಿಗಳನ್ನು ನಾನು ಬಲ್ಲೆ. ಆದರೆ ಇದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೆಲವರು ಹಟ ಹಿಡಿದು ಸರ್ಕಾರಿ ಶಾಲೆಗಳ ಪಾಠಕ್ರಮದೊಳಕ್ಕೆ ತಂದ ಶಿಕ್ಷಣದ ಮುಂದುವರಿಕೆ. ಆ ಕೆಲವರಲ್ಲಿ ಅಗ್ರಗಣ್ಯರು ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್. ಊರು ಬಿಟ್ಟು ಬಂದಿರುವ ನಮ್ಮಂಥವರಿಗೂ ಬರಲಿರುವವರಿಗೂ ಅವರ ಜೀವನ ವಿಶೇಷವಾಗಿ ತಿಳಿಯತಕ್ಕದ್ದೆಂದು ನನಗೆ ತೋರುತ್ತದೆ. ಏಕೆಂದರೆ ಅವರು ಕೈಗೊಂಡ ಕಾರ್ಯ ಆರಂಭವಾದದ್ದೇ ಜನರು ಊರು ಬಿಟ್ಟು ಹೋಗುವುದನ್ನು ತಡೆಯುವ ಸಲುವಾಗಿ.

ನ್ಯೂಯಾರ್ಕ್ ಎಂದೊಡನೆ ನಮ್ಮವರ ಕಣ್ಣ ಮುಂದೆ ನಿಲ್ಲುವುದು ಗಗನಚುಂಬಿ ಕಟ್ಟಡಗಳ ಮಹಾನಗರ. ಆ ನಗರವನ್ನು ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಸಾಗಿದರೆ ಅದೇ ಹೆಸರಿನ ರಾಜ್ಯವು ಸೇಬಿನ ತೋಟ, ಹೈನುಗಾರಿಕೆ, ಕೆರೆ, ಜಲಪಾತ ಮತ್ತು ಮೇಪಲ್ ಕಾಡುಗಳ ಸೀಮೆಯಾಗಿ ಹರಡಿಕೊಂಡಿದೆ. ಅಂಥ ಪಶ್ಚಿಮ ಭಾಗದ ಕ್ಯಾಟರಾಗಸ್ ಕೌಂಟಿಯ ಆಟೊ ಎಂಬ ಹಳ್ಳಿಯಲ್ಲಿ, ಕೃಷಿಕ ದಂಪತಿಗಳಾದ ಮಾರ್ವಿನ್ ಮತ್ತು ಫೀಬಿ ಬಾಟ್ಸ್‌ಫರ್ಡ್ ಅವರ ಏಕಮಾತ್ರ ಮಗಳಾಗಿ 1854ರ ಸೆಪ್ಟೆಂಬರ್ 1ರಂದು ಆನಾ ಜನಿಸಿದರು. ತಾಯಿ ಕ್ವೇಕರ್ ಪಂಥದ ಹಿನ್ನೆಲೆಯವರು, ಮಿತಭಾಷಿಣಿ, ಪ್ರಕೃತಿಪ್ರೇಮಿ. ಹೊಲದ ಅಂಚಿನ ಕಾಡುಹೂಗಳ ಹೆಸರುಗಳನ್ನೂ ರಾತ್ರಿಯ ಆಕಾಶದ ನಕ್ಷತ್ರಪುಂಜಗಳನ್ನೂ ಮಗಳಿಗೆ ಒಂದೊಂದಾಗಿ ತೋರಿಸಿಕೊಟ್ಟವರು ಅವರೇ. ಮುಂದೆ ಲಕ್ಷಾಂತರ ಮಕ್ಕಳಿಗೆ ತಲುಪಿದ ಪಾಠದ ಬೀಜ ಬಿದ್ದದ್ದು ಈ ತಾಯಿಯ ಜೊತೆಯ ತಿರುಗಾಟದಲ್ಲಿ.

ಸಮೀಪದ ರ‍್ಯಾಂಡಾಲ್ಫ್ ಪಟ್ಟಣದಲ್ಲಿ ಪ್ರೌಢಶಿಕ್ಷಣ ಮುಗಿಸಿ, ಸ್ವಂತ ಊರಿನಲ್ಲಿಯೇ ಒಂದು ವರ್ಷ ಪಾಠ ಹೇಳಿ, 1874ರಲ್ಲಿ ಆನಾ ಇಥಾಕಾ ಪಟ್ಟಣದ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದರು. ಆ ವಿಶ್ವವಿದ್ಯಾಲಯ ತನ್ನ ಬಾಗಿಲನ್ನು ಸ್ತ್ರೀಯರಿಗೆ ತೆರೆದು ಆಗ ಕೆಲವೇ ವರ್ಷಗಳಾಗಿದ್ದವು. ಅಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದ ತರುಣ ಜಾನ್ ಹೆನ್ರಿ ಕಾಮ್‌ಸ್ಟಾಕ್ ಅವರ ಪರಿಚಯವಾಯಿತು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಸರೋವರಗಳ ಹಾಯಿಹಡಗುಗಳಲ್ಲಿ ಅಡಿಗೆ ಮಾಡಿ ಹೊಟ್ಟೆ ಹೊರೆದು, ಒಂದು ಕೀಟಶಾಸ್ತ್ರದ ಪುಸ್ತಕ ಕೈಗೆ ಸಿಕ್ಕಿದ್ದರಿಂದ ಬಾಳಿನ ದಿಕ್ಕು ಬದಲಾದ ವ್ಯಕ್ತಿ ಅವರು. ಆನಾ ಎರಡು ವರ್ಷಗಳ ನಂತರ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿದರು. 1878ರಲ್ಲಿ ಇಬ್ಬರಿಗೂ ವಿವಾಹವಾಯಿತು.

ಮರುವರ್ಷ ಜಾನ್ ಹೆನ್ರಿಯವರಿಗೆ ವಾಷಿಂಗ್ಟನ್‌ನಲ್ಲಿ ಕೇಂದ್ರ ಕೃಷಿ ಇಲಾಖೆಯ ಮುಖ್ಯ ಕೀಟಶಾಸ್ತ್ರಜ್ಞರ ಹುದ್ದೆ ದೊರೆಯಿತು. ಆನಾ ಅಲ್ಲಿ ಪತಿಯ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿಯುತ್ತ, ಸೂಕ್ಷ್ಮದರ್ಶಕದಡಿ ಕೀಟಗಳನ್ನು ನೋಡಿ ಚಿತ್ರ ಬಿಡಿಸಲು ಕಲಿತರು. ಸರ್ಕಾರ ಬದಲಾಗಿ 1881ರಲ್ಲಿ ಹುದ್ದೆ ಹೋಯಿತು, ದಂಪತಿಗಳು ಇಥಾಕಾಗೆ ಮರಳಿದರು. ಆನಾ ಬಿಟ್ಟಿದ್ದ ಓದನ್ನು ಮತ್ತೆ ಕೈಗೆತ್ತಿಕೊಂಡು 1885ರಲ್ಲಿ ಪದವಿ ಪಡೆದರು. ಅಷ್ಟಕ್ಕೆ ತೃಪ್ತರಾಗದೆ ನ್ಯೂಯಾರ್ಕ್ ನಗರದ ಕೂಪರ್ ಯೂನಿಯನ್ ಸಂಸ್ಥೆಯಲ್ಲಿ ಮರದ ಅಚ್ಚಿನ ಕೆತ್ತನೆಯನ್ನು ಅಭ್ಯಾಸ ಮಾಡಿದರು. ಪತಿ 1895ರಲ್ಲಿ ಪ್ರಕಟಿಸಿದ ಕೀಟಶಾಸ್ತ್ರದ ಕೈಪಿಡಿಗಾಗಿ ಅವರು ಕೆತ್ತಿದ ಅಚ್ಚುಗಳು ಆರುನೂರಕ್ಕೂ ಹೆಚ್ಚು. ರೆಕ್ಕೆಯ ಒಂದು ನರವನ್ನು ಮರದ ಮೇಲೆ ತಪ್ಪಿಲ್ಲದೆ ಮೂಡಿಸಬೇಕಾದರೆ ಅದನ್ನು ಹತ್ತು ಸಲ ನೋಡಬೇಕು. ನೋಡುವುದು ಒಂದು ಕೌಶಲ, ಅದನ್ನು ಕಲಿಯಲೂಬಹುದು, ಕಲಿಸಲೂಬಹುದು ಎಂಬ ಅರಿವು ಅವರಿಗೆ ಬಂದದ್ದು ಈ ಕೆತ್ತನೆಯ ಮೇಜಿನ ಮುಂದೆಯೇ ಇರಬೇಕೆಂದು ನನ್ನ ಊಹೆ.

1893ರಲ್ಲಿ ಅಮೆರಿಕವನ್ನು ಭಾರಿ ಆರ್ಥಿಕ ಕುಸಿತವು ಆವರಿಸಿತು. ಬೆಳೆಗೆ ಬೆಲೆಯಿಲ್ಲದೆ ಕೃಷಿಕ ಕುಟುಂಬಗಳು ಹೊಲಮನೆಗಳನ್ನು ತೊರೆದು ನ್ಯೂಯಾರ್ಕ್ ನಗರಕ್ಕೆ ಬಂದು ಸೇರಿದವು. ನಗರದಲ್ಲಿಯೂ ಉದ್ಯೋಗವಿರಲಿಲ್ಲ. ದಾನಧರ್ಮ ಸಂಸ್ಥೆಗಳ ಬಾಗಿಲಲ್ಲಿ ಸಾಲುಗಟ್ಟಿದವರಲ್ಲಿ ಹಳ್ಳಿಗರ ಸಂಖ್ಯೆಯನ್ನು ಕಂಡು ನಗರದ ಶ್ರೀಮಂತ ದಾನಿಗಳು ಚಿಂತೆಗೀಡಾದರು. ರಾಜ್ಯದಲ್ಲಿ ಕೃಷಿಯನ್ನು ಪ್ರೋತ್ಸಾಹಿಸಲು ಅವರು ರಚಿಸಿದ ಸಮಿತಿಯಲ್ಲಿ ಆನಾ ಸದಸ್ಯೆಯಾದರು. ಹಳ್ಳಿಯ ಬಾಲಕರಿಗೆ ತಮ್ಮ ಹೊಲದ ಮೇಲೆ ಅಕ್ಕರೆ ಹುಟ್ಟಬೇಕಾದರೆ ಮೊದಲು ಆ ಹೊಲದಲ್ಲಿ ಏನಿದೆಯೆಂದು ಕಾಣಬೇಕು, ಹಾಗೆ ಕಾಣಿಸುವ ಕೆಲಸ ಶಾಲೆಯಲ್ಲಿ ಆಗಬೇಕು ಎಂಬುದು ಸಮಿತಿಯ ನಿರ್ಣಯವಾಯಿತು. ನಗರಕ್ಕೆ ಹತ್ತಿರದ ವೆಸ್ಟ್‌ಚೆಸ್ಟರ್ ಕೌಂಟಿಯ ಶಾಲೆಗಳಲ್ಲಿ ಪ್ರಯೋಗ ನಡೆಯಿತು. ಅದರ ಪಾಠಗಳನ್ನು ಯೋಜಿಸಿ ಜಾರಿಗೆ ತರುವುದರಲ್ಲಿ ಆನಾ ಅವರದು ಮುಖ್ಯ ಪಾತ್ರ. ಫಲ ಆಶಾದಾಯಕವಾಗಿದ್ದುದರಿಂದ ರಾಜ್ಯ ಶಾಸನಸಭೆ ಹಣ ಮಂಜೂರು ಮಾಡಿ, ಇಡೀ ರಾಜ್ಯಕ್ಕೆ ಈ ಶಿಕ್ಷಣವನ್ನು ಹರಡುವ ಹೊಣೆಯನ್ನು ಕಾರ್ನೆಲ್‌ಗೆ ವಹಿಸಿತು.

ಈ ಕಾರ್ಯದ ನಾಯಕತ್ವ ತೋಟಗಾರಿಕೆಯ ಪ್ರಾಧ್ಯಾಪಕ ಲಿಬರ್ಟಿ ಹೈಡ್ ಬೈಲಿ ಅವರದಾಗಿತ್ತು. ದ್ರಾಕ್ಷಿ ಸೀಮೆಯಿಂದ ಬಂದ ಕೃಷಿಕ ಜಾನ್ ಸ್ಪೆನ್ಸರ್ ಅವರು ಶಾಲೆಗಳಲ್ಲಿ ಬಾಲ ನಿಸರ್ಗ ಸಂಘಗಳನ್ನು ಕಟ್ಟಿದರು. ಈ ಸಂಘಗಳಿಗೆ ಹಣದ ಚಂದಾ ಇರಲಿಲ್ಲ. ತಾನು ಕಂಡದ್ದನ್ನು ಕುರಿತು ಮಗು ಸ್ಪೆನ್ಸರ್ ಅವರಿಗೆ ಪತ್ರ ಬರೆದರೆ ಅದೇ ಚಂದಾ. ಆನಾ ಅವರು ವಹಿಸಿಕೊಂಡದ್ದು ಉಪಾಧ್ಯಾಯರನ್ನು. ಶಾಲೆಗಳಿಗೆ ಉಚಿತವಾಗಿ ಕಳುಹಿಸುವ ಪಾಠದ ಕಿರುಹೊತ್ತಗೆಗಳನ್ನು ಬರೆದರು, ಅಂಚೆಯ ಮೂಲಕ ಕಲಿಯಬಹುದಾದ ಪಾಠಮಾಲೆಯನ್ನು ವರ್ಷಗಟ್ಟಲೆ ನಡೆಸಿದರು, ಉಪಾಧ್ಯಾಯರ ಸಮ್ಮೇಳನಗಳಿಗೆ ಪ್ರಯಾಣ ಮಾಡಿ ಉಪನ್ಯಾಸ ನೀಡಿದರು.

ಇಲ್ಲಿ ಅವರಿಗೆ ಎದುರಾದ ನಿಜವಾದ ತೊಡಕು ಹಣದ್ದೂ ಅಲ್ಲ, ಮಕ್ಕಳದ್ದೂ ಅಲ್ಲ, ಉಪಾಧ್ಯಾಯರ ಭಯದ್ದು. ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಎಲ್ಲ ತರಗತಿಗಳನ್ನೂ ಒಬ್ಬರೇ ನಡೆಸುತ್ತಿದ್ದ, ಬಹುಪಾಲು ಎಳೆಯ ವಯಸ್ಸಿನ ಶಿಕ್ಷಕಿಯರಿಗೆ ವಿಜ್ಞಾನದ ತರಬೇತಿ ಇರಲಿಲ್ಲ. ಮಗು ಒಂದು ಹುಳುವನ್ನು ತಂದು ಇದೇನೆಂದು ಕೇಳಿದರೆ ಉತ್ತರ ತಿಳಿಯದೆ ಗೌರವ ಹೋದೀತೆಂಬ ಅಳುಕು ಅವರದು. ಇದಕ್ಕೆ ಆನಾ ಸೂಚಿಸಿದ ಪರಿಹಾರ ಆ ಕಾಲದ ಶಾಲೆಗಳಿಗೆ ಹೊಸತು. ತಿಳಿಯದಿದ್ದರೆ ತಿಳಿಯದೆಂದು ಮಕ್ಕಳ ಮುಂದೆ ಹೇಳಬೇಕು, ಅನಂತರ ಮಕ್ಕಳ ಜೊತೆಗೂಡಿ ನೋಡಿ ಕಂಡುಕೊಳ್ಳಬೇಕು. ಹೀಗೆ ಮಾಡುವ ಶಿಕ್ಷಕಿಯ ಗೌರವ ಕುಂದುವುದಿಲ್ಲ, ಮಕ್ಕಳ ವಿಶ್ವಾಸ ಹೆಚ್ಚುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಪಾಠ ಹತ್ತು ನಿಮಿಷದ್ದಾದರೂ ಸಾಕು, ವಸ್ತು ಶಾಲೆಯ ಅಂಗಳದಲ್ಲಿಯೇ ಸಿಗುವಂಥದ್ದಾಗಿರಬೇಕು, ಹೆಸರನ್ನು ಬಾಯಿಪಾಠ ಮಾಡಿಸುವುದೇ ಗುರಿಯಾಗಬಾರದು ಎಂದೂ ಅವರು ವಿಧಿಸಿದರು.

ವೈದ್ಯರಿಗೆ ಈ ವಿಧಾನ ಅಪರಿಚಿತವಲ್ಲ. ನಾನು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ನಮ್ಮ ಗುರುಗಳು ರೋಗಿಯನ್ನು ಮುಟ್ಟುವ ಮೊದಲು ಮಂಚದ ಬುಡದಲ್ಲಿ ನಿಲ್ಲಿಸಿ ಬರಿಯ ಕಣ್ಣಿನಿಂದ ನೋಡಿಸುತ್ತಿದ್ದರು. ಉಸಿರಿನ ವೇಗವೆಷ್ಟು, ಕಣ್ಣಿನ ಬಿಳುಪು ಯಾವ ಬಣ್ಣಕ್ಕೆ ತಿರುಗಿದೆ, ಉಗುರಿನ ಆಕಾರ ಹೇಗಿದೆ ಎಂದು ಒಂದರ ಹಿಂದೊಂದು ಪ್ರಶ್ನೆ ಬರುತ್ತಿತ್ತು. ರೋಗದ ಹೆಸರನ್ನು ಆತುರದಿಂದ ಹೇಳಿದವನಿಗೆ ಮೆಚ್ಚುಗೆ ಸಿಗುತ್ತಿರಲಿಲ್ಲ. ಆನಾ ಅವರ ಪಾಠಗಳೂ ಹೀಗೆಯೇ ಪ್ರಶ್ನೆಗಳ ಸರಣಿ. ಪಾಠದ ಆರಂಭದಲ್ಲಿ ಉಪಾಧ್ಯಾಯರಿಗಾಗಿ ವಿಷಯದ ಕಥೆ, ಅನಂತರ ಪಾಠದ ಮುಖ್ಯ ವಿಚಾರ ಒಂದೆರಡು ವಾಕ್ಯಗಳಲ್ಲಿ, ಬಳಿಕ ಕಲಿಸುವ ವಿಧಾನ, ಕೊನೆಗೆ ಮಕ್ಕಳು ತಾವೇ ನೋಡಿ ಉತ್ತರಿಸಬೇಕಾದ ಪ್ರಶ್ನೆಗಳು. ಆ ಪ್ರಶ್ನೆಗಳಿಗೆ ಉತ್ತರವನ್ನು ಕೆಳಗೆ ಅಚ್ಚು ಮಾಡುತ್ತಿರಲಿಲ್ಲ.

ಇಷ್ಟೆಲ್ಲ ದುಡಿದವರಿಗೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ಸುಲಭವಾಗಿ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರನ್ನು ಸಹಾಯಕ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು. ಕಾರ್ನೆಲ್‌ನಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರು. ಆದರೆ ಸ್ತ್ರೀಯೊಬ್ಬಳಿಗೆ ಪ್ರಾಧ್ಯಾಪಕರೆಂಬ ಹೆಸರು ಸಲ್ಲದೆಂದು ಆಡಳಿತ ಮಂಡಳಿಯಲ್ಲಿ ಆಕ್ಷೇಪ ಎದ್ದುದರಿಂದ ಹುದ್ದೆಯ ಹೆಸರನ್ನು ಉಪನ್ಯಾಸಕಿ ಎಂದು ಬದಲಿಸಲಾಯಿತು. ಆನಾ ಕೆಲಸ ಬಿಡಲಿಲ್ಲ. ಕಳೆದುಕೊಂಡ ಹೆಸರು ಮತ್ತೆ ಅವರಿಗೆ ದೊರೆತದ್ದು 1913ರಲ್ಲಿ. ಪೂರ್ಣ ಪ್ರಾಧ್ಯಾಪಕಿಯಾದದ್ದು 1920ರಲ್ಲಿ, ತಮ್ಮ ಅರುವತ್ತಾರನೆಯ ವಯಸ್ಸಿನಲ್ಲಿ. ನಿವೃತ್ತಿಗೆ ಆಗ ಉಳಿದಿದ್ದದ್ದು ಎರಡೇ ವರ್ಷ. ಪರದೇಶದಲ್ಲಿ ಅರ್ಹತೆಗೆ ತಕ್ಕ ಹುದ್ದೆಗಾಗಿ ಮತ್ತೆ ಪರೀಕ್ಷೆ ಬರೆದು, ಮತ್ತೆ ತರಬೇತಿ ಪಡೆದು ಕಾಯುವ ನಮ್ಮ ವೈದ್ಯರೂ ಇಂಜಿನಿಯರುಗಳೂ ಈ ವರ್ಷಗಳ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

ಆ ನಡುವೆ, 1911ರಲ್ಲಿ, ಅವರ ಜೀವನದ ಮುಖ್ಯ ಕೃತಿಯಾದ 'ಹ್ಯಾಂಡ್‌ಬುಕ್ ಆಫ್ ನೇಚರ್ ಸ್ಟಡಿ' ಹೊರಬಂತು. ವರ್ಷಗಳಿಂದ ಬರೆದ ಪಾಠಗಳನ್ನು ಒಟ್ಟುಗೂಡಿಸಿ ತಿದ್ದಿ ವಿಸ್ತರಿಸಿದ ಒಂಬೈನೂರಕ್ಕೂ ಹೆಚ್ಚು ಪುಟಗಳ ಗ್ರಂಥವದು. ದಂಪತಿಗಳು ಸ್ನೇಹಿತರೊಡನೆ ಸೇರಿ ನಡೆಸುತ್ತಿದ್ದ ಪ್ರಕಾಶನ ಸಂಸ್ಥೆಯೇ ಅದನ್ನು ಪ್ರಕಟಿಸಿತು. ಇಷ್ಟು ದಪ್ಪನೆಯ ಪುಸ್ತಕದಿಂದ ನಷ್ಟವೇ ಗತಿಯೆಂದು ಪತಿಯೇ ಭಾವಿಸಿದ್ದರು. ನಡೆದದ್ದು ಬೇರೆ. ಪುಸ್ತಕ ಇಪ್ಪತ್ತಕ್ಕೂ ಹೆಚ್ಚು ಮುದ್ರಣಗಳನ್ನು ಕಂಡಿತು, ಎಂಟು ಭಾಷೆಗಳಿಗೆ ಅನುವಾದವಾಯಿತು, ಇಂದಿಗೂ ಅಂಗಡಿಯಲ್ಲಿ ದೊರೆಯುತ್ತದೆ.

ಈ ಪುಸ್ತಕವನ್ನು ತೆರೆದರೆ ಮೊದಲಿಗೆ ಎದುರಾಗುವುದು ಸಿಂಹವಲ್ಲ, ಹದ್ದಲ್ಲ. ಮನೆಯ ಕೋಳಿ ಮತ್ತು ಅದರ ಗರಿ. ಮುಂದೆ ಕಪ್ಪೆ, ಎರೆಹುಳು, ಗುಬ್ಬಚ್ಚಿ, ಅಂಗಳದ ಕಳೆ, ತೊರೆ, ಹಿಮದ ಹರಳು, ನಕ್ಷತ್ರ ಹೀಗೆ ಸಾಗುತ್ತದೆ. ನನಗೆ ಹೆಚ್ಚು ಪ್ರಿಯವಾದುದು ಸೊಳ್ಳೆಯ ಪಾಠ. ನಿಂತ ನೀರನ್ನು ಗಾಜಿನ ಪಾತ್ರೆಯಲ್ಲಿ ತುಂಬಿಸಿ, ಅದರಲ್ಲಿ ತಲೆಕೆಳಗಾಗಿ ತೂಗುವ ಮರಿಹುಳು ಉಸಿರಿಗಾಗಿ ನೀರಿನ ಮೇಲ್ಮೈಗೆ ಬರುವುದನ್ನು ಕಂಡ ಮಗುವಿಗೆ, ಮನೆಯ ಸುತ್ತ ನೀರು ನಿಲ್ಲಬಾರದೇಕೆ ಎಂದು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಸೊಳ್ಳೆಯ ಒಡಲಿನಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ನಮ್ಮ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅದಾಗಿ ಹದಿನಾಲ್ಕೇ ವರ್ಷಗಳಲ್ಲಿ ಸೊಳ್ಳೆಯ ಜೀವನಚಕ್ರ ಹಳ್ಳಿಯ ಶಾಲೆಯ ಪಾಠವಾಗಿ ಈ ಪುಸ್ತಕದಲ್ಲಿ ಸ್ಥಾನ ಪಡೆದಿತ್ತು.

1923ರಲ್ಲಿ ಅಮೆರಿಕದ ಮಹಿಳಾ ಮತದಾರರ ಸಂಘವು ದೇಶದ ಹನ್ನೆರಡು ಶ್ರೇಷ್ಠ ಜೀವಂತ ಮಹಿಳೆಯರಲ್ಲಿ ಆನಾ ಅವರನ್ನೂ ಎಣಿಸಿತು. ನಿವೃತ್ತಿಯ ನಂತರವೂ ಅವರು ಬೇಸಗೆಯ ತರಗತಿಗಳಲ್ಲಿ ಪಾಠ ಹೇಳುತ್ತಿದ್ದರು. ದಂಪತಿಗಳಿಗೆ ಮಕ್ಕಳಿರಲಿಲ್ಲ, ಅವರ ಮನೆ ವಿದ್ಯಾರ್ಥಿಗಳಿಂದ ತುಂಬಿರುತ್ತಿತ್ತು. 1926ರಲ್ಲಿ ಪಾರ್ಶ್ವವಾಯು ಬಡಿದು ಜಾನ್ ಹೆನ್ರಿ ಹಾಸಿಗೆ ಹಿಡಿದರು. ಅವರ ಶುಶ್ರೂಷೆಯ ನಡುವೆಯೇ ಆನಾ ಅವರ ದೇಹವನ್ನು ಕ್ಯಾನ್ಸರ್ ಆವರಿಸಿತು. 1930ರ ಆಗಸ್ಟ್ 24ರಂದು, ಎಪ್ಪತ್ತಾರನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಅವರು ಇಥಾಕಾದಲ್ಲಿ ನಿಧನರಾದರು. ಮರುವರ್ಷ ಪತಿಯೂ ತೀರಿಕೊಂಡರು. ಆನಾ ಬರೆದಿಟ್ಟಿದ್ದ ಆತ್ಮಕಥೆ 1953ರಲ್ಲಿ ಬಹಳಷ್ಟು ಕತ್ತರಿಸಿದ ರೂಪದಲ್ಲಿ ಪ್ರಕಟವಾಯಿತು. ಅವರ ಹಸ್ತಪ್ರತಿಯನ್ನು ಆಧರಿಸಿದ ಪೂರ್ಣ ಆವೃತ್ತಿಗಾಗಿ ಓದುಗರು 2020ರವರೆಗೆ ಕಾಯಬೇಕಾಯಿತು.

ಈಗ ಫಲಿತಾಂಶವನ್ನು ನೋಡೋಣ. ಹಳ್ಳಿಯವರನ್ನು ಹಳ್ಳಿಯಲ್ಲಿಯೇ ಉಳಿಸಿಕೊಳ್ಳಬೇಕೆಂಬ ಮೂಲ ಉದ್ದೇಶ ಈಡೇರಲಿಲ್ಲ. ನ್ಯೂಯಾರ್ಕ್ ರಾಜ್ಯದ ಹೊಲಮನೆಗಳು ಬರಿದಾಗುತ್ತಲೇ ಹೋದವು. ಮರದ ಹೆಸರು ತಿಳಿದ ಮಾತ್ರಕ್ಕೆ ಬೆಳೆಗೆ ಬೆಲೆ ಬರುವುದಿಲ್ಲ, ಹೊಟ್ಟೆಪಾಡಿಗಾಗಿ ಹೊರಟವರನ್ನು ಹೂವಿನ ಪಾಠ ತಡೆಯಲಾರದು. ಮಲೆನಾಡಿನ ಅಡಕೆ ತೋಟದ ಮನೆಯಲ್ಲಿ ಹುಟ್ಟಿ, ಪ್ರತಿಯೊಂದು ಮರವನ್ನೂ ತೊಗಟೆಯಿಂದ ಗುರುತಿಸಬಲ್ಲ ತಂದೆಯ ಕೈಹಿಡಿದು ಬೆಳೆದು, ಆದರೂ ಇಷ್ಟು ದೂರ ಬಂದ ನಾನು ಈ ಮಾತನ್ನು ಅನುಭವದಿಂದಲೇ ಹೇಳಬಲ್ಲೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ನಿಸರ್ಗ ಪಾಠದ ಜಾಗವನ್ನು ಸಾಮಾನ್ಯ ವಿಜ್ಞಾನ ಆಕ್ರಮಿಸಿತು. ಕಾರ್ಖಾನೆಯ ಹೊಗೆ, ನದಿಯ ವಿಷ, ಬಿಸಿಯೇರುವ ವಾತಾವರಣ ಇವು ಯಾವುವೂ ಆನಾ ಅವರ ಪಾಠದ ಕೇಂದ್ರವಾಗಿರಲಿಲ್ಲ. ಅವರ ಕೃತಿಯಲ್ಲಿ ಇಂದಿನ ಪರಿಸರ ಶಿಕ್ಷಣ ಪೂರ್ಣವಾಗಿ ದೊರೆಯುತ್ತದೆಂದು ಹೇಳುವುದು ಅತಿಶಯೋಕ್ತಿಯಾದೀತು.

ಆದರೂ ಬೇರು ಸಾಯಲಿಲ್ಲ. ಪೆನ್ಸಿಲ್ವೇನಿಯಾದ ಒಂದು ಮನೆಯಲ್ಲಿ ಇದೇ ನಿಸರ್ಗ ಪಾಠದ ಚಳವಳಿಗೆ ಮನಸೋತ ತಾಯಿಯೊಬ್ಬರು ತಮ್ಮ ಮಗಳನ್ನು ತೋಟ ಕಾಡು ಸುತ್ತಿಸಿ ಬೆಳೆಸಿದರು. ಆ ಮಗಳು ರೇಚಲ್ ಕಾರ್ಸನ್. ಕೀಟನಾಶಕಗಳ ಹಾನಿಯನ್ನು ಕುರಿತು 1962ರಲ್ಲಿ ಅವರು ಪ್ರಕಟಿಸಿದ 'ಸೈಲೆಂಟ್ ಸ್ಪ್ರಿಂಗ್' ಗ್ರಂಥ ದೇಶವನ್ನೇ ಎಚ್ಚರಿಸಿತು. 1970ರಲ್ಲಿ ಅಮೆರಿಕ ಪರಿಸರ ಶಿಕ್ಷಣಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಭಾರತದಲ್ಲಿ ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. ಇಂದು ಕರ್ನಾಟಕದ ಕಿರಿಯ ಪ್ರಾಥಮಿಕ ತರಗತಿಗಳ ಮಕ್ಕಳ ಚೀಲದಲ್ಲಿ ಪರಿಸರ ಅಧ್ಯಯನದ ಪುಸ್ತಕವಿದೆ. ಆ ಪುಸ್ತಕದ ಪ್ರಶ್ನೆಗೆ ಉತ್ತರವನ್ನು ಗೈಡಿನಿಂದ ನಕಲು ಮಾಡಿಸುವುದೋ, ಮಗುವನ್ನು ಬೇಲಿಯ ಬಳಿಗೆ ಕರೆದೊಯ್ಯುವುದೋ ಎಂಬುದು ಮಾತ್ರ ಉಪಾಧ್ಯಾಯರ ಮತ್ತು ಮನೆಯವರ ಕೈಯಲ್ಲಿದೆ. ಯಾವ ನ್ಯಾಯಾಲಯವೂ ಅದನ್ನು ಆಜ್ಞೆಯಿಂದ ಮಾಡಿಸಲಾರದು.

ವಲಸೆ ಹೊರಟವರಿಗೆ ಈ ಶಿಕ್ಷಣ ಬೇರೊಂದು ರೀತಿಯಲ್ಲಿ ಅಗತ್ಯವಾಗುತ್ತದೆ. ಹೊಸದಾಗಿ ಇಲ್ಲಿ ಮನೆ ಕೊಂಡ ನಮ್ಮವರು ಬೇಸಗೆಯಲ್ಲಿ ಹಿತ್ತಲಿನ ಕಳೆ ಕಿತ್ತು, ಕೈಯೆಲ್ಲ ಬೊಬ್ಬೆ ಎದ್ದು ನನ್ನ ಚಿಕಿತ್ಸಾಲಯಕ್ಕೆ ಬರುವುದುಂಟು. ಕಿತ್ತದ್ದು ಮೂರೆಲೆಯ ಪಾಯ್ಸನ್ ಐವಿ ಎಂಬ ಬಳ್ಳಿಯನ್ನು. ಅದೇ ಬೀದಿಯ ಅಮೆರಿಕನ್ ಮಗು ಅದನ್ನು ದೂರದಿಂದಲೇ ಗುರುತಿಸುತ್ತದೆ. ಲೈಮ್ ಎಂಬ ರೋಗವನ್ನು ಹರಡುವ ಉಣುಗು ಇಲ್ಲಿಯ ಹುಲ್ಲಿನಲ್ಲಿದೆ. ಕಾಡಿನಿಂದ ಬಂದೊಡನೆ ಮಕ್ಕಳ ಮೈಯನ್ನು ಪರೀಕ್ಷಿಸಬೇಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಬಲ್ಲ ಶಿವಮೊಗ್ಗ ಸೀಮೆಯವರಿಗೆ ಉಣುಗಿನ ಮಾತು ಹೊಸತಲ್ಲ. ಆದರೆ ಊರಿನ ತಿಳಿವಳಿಕೆ ಊರಿನ ಕಾಡಿಗೆ ಸಂಬಂಧಿಸಿದ್ದು. ಹೊಸ ನೆಲದಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕು. ಅದಕ್ಕಿಂತ ಸೂಕ್ಷ್ಮವಾದ ನಷ್ಟವೂ ಒಂದಿದೆ. ಇಪ್ಪತ್ತು ವರ್ಷ ಇಲ್ಲಿ ಬಾಳಿ, ಮನೆಯ ಮುಂದಿನ ಮರದ ಹೆಸರನ್ನೂ ಅರಿಯದವರಿಗೆ ಈ ದೇಶ ಕಚೇರಿ ಮತ್ತು ಹೆದ್ದಾರಿಯಾಗಿಯೇ ಉಳಿಯುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೋ ಊರಿನ ಮರಗಳು ತಿಳಿಯವು. ಇಲ್ಲಿಯವನ್ನೂ ತಿಳಿಸದಿದ್ದರೆ ಅವರು ಎರಡೂ ನೆಲಗಳಿಗೆ ಪರಕೀಯರಾಗುತ್ತಾರೆ.

ಆದುದರಿಂದ ಬರಲಿರುವ ದಂಪತಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮಗು ಶಾಲೆಯಿಂದ ಒಣಗಿದ ಎಲೆಯನ್ನೋ ಹುಳುವಿನ ಡಬ್ಬಿಯನ್ನೋ ತಂದರೆ ಗಣಿತದ ಅಭ್ಯಾಸವೆಲ್ಲಿ ಎಂದು ಗದರಬೇಡಿ, ಅದೂ ಪಾಠವೇ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ಹಿರಿಯರಲ್ಲಿ ಇನ್ನೊಂದು ಕೋರಿಕೆ. ಭಾಷೆ ಬಾರದು, ಕಾರು ನಡೆಸಲಾಗದು, ಈ ಊರಿನ ಒಂದು ಹಕ್ಕಿಯ ಹೆಸರೂ ತಿಳಿಯದು ಎಂದು ಕಿಟಕಿಯ ಬಳಿ ಕುಳಿತು ಬೇಸರಪಡುವ ಎಷ್ಟೋ ಅಜ್ಜ ಅಜ್ಜಿಯರನ್ನು ನಾನು ಕಂಡಿದ್ದೇನೆ. ಆನಾ ಕಾಮ್‌ಸ್ಟಾಕ್ ಅವರ ಲೆಕ್ಕದಲ್ಲಿ ಇವರು ಉತ್ತಮ ಉಪಾಧ್ಯಾಯರು. ಸಂಜೆ ಮೊಮ್ಮಗುವಿನ ಕೈ ಹಿಡಿದು ಅಂಗಳಕ್ಕೆ ಇಳಿಯಿರಿ. ಬೇಲಿಯ ಮೇಲಿನ ಹಕ್ಕಿಯನ್ನು ತೋರಿಸಿ, ನನಗೆ ತಿಳಿಯದು, ನೋಡೋಣ ಬಾ ಎಂದು ಕನ್ನಡದಲ್ಲಿಯೇ ಹೇಳಿ. ಅದರ ಎದೆಯ ಬಣ್ಣ ಯಾವುದು, ನೆಲದ ಮೇಲೆ ಅದು ಕುಪ್ಪಳಿಸುತ್ತದೆಯೇ ನಡೆಯುತ್ತದೆಯೇ ಎಂದು ಕೇಳಿ. ಅನಂತರ ನಿಮ್ಮ ಊರಿನ ಮಡಿವಾಳ ಹಕ್ಕಿಯ ನಡಿಗೆ ಹೇಗಿರುತ್ತದೆಂದು ನೀವೇ ನಡೆದು ತೋರಿಸಿ.